ಕೆಂಪು ಶಾಯಿಯ ಟ್ಯಾಕಲ್‌ಗಳು

"ಈ ಆಟ ಯಾವತ್ತಾದರೂ ನೋಡಿದೀರಾ?" ಎಂದು ತಂಡದ ಹಳೆಯ ಆಟಗಾರರ ಸಂಘದ ಅಧ್ಯಕ್ಷರು ನನ್ನನ್ನು ಕೇಳಿದರು. ನನ್ನ ಹೆಸರು ಇನ್ನೂ ಕೇಳಿರಲಿಲ್ಲ. ನೋಡಿಲ್ಲ ಎಂದೆ. ನೋಡಿದ್ದೇನೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಅವರು ಕೇಳಿದ ರೀತಿಗೇ ನನಗೆ ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ನನಗೆ ಸುಳ್ಳು ಸರಾಗವಾಗಿ ಬರುವುದಿಲ್ಲ. ಅವರು ಪಕ್ಕದಲ್ಲಿ ನಿಂತಿದ್ದ ಮೇಷ್ಟರ ಕಡೆ ತಿರುಗಿ, "ಗ್ಯೋಶಾ-ಸಾನ್ ಆಟವನ್ನೇ ನೋಡಿಲ್ಲವಂತೆ" ಎಂದರು. ಗ್ಯೋಶಾ-ಸಾನ್ ಎಂದರೆ ಗುತ್ತಿಗೆಯವರು. ಮುಂದಿನ ಐದು ತಿಂಗಳು ಅವರ ಬಾಯಲ್ಲಿ ನನ್ನ ಹೆಸರು ಅದೇ ಆಯಿತು.

ಒಸಾಕಾದಿಂದ ಉಪನಗರದ ರೈಲಿನಲ್ಲಿ ಅರ್ಧ ಗಂಟೆ ಹೋದರೆ ಸಿಗುವ, ಮೂರು ವರ್ಷದ ಓದಿನ ಹೈಸ್ಕೂಲು ಅದು. ಅಲ್ಲಿ ಐವತ್ತು ವರ್ಷದಿಂದ ಅಮೆರಿಕನ್ ಫುಟ್‌ಬಾಲ್ ತಂಡವಿದೆ. ಕಾಲಿನಿಂದ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ಟು, ಭುಜಕ್ಕೆ ಕವಚ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವುಚಿಕೊಂಡು ಓಡುವ ಆಟ. ಓಡುವವನನ್ನು ಎದುರಾಳಿ ಹಿಡಿದು ಕೆಡವಿದರೆ ಅದು ಟ್ಯಾಕಲ್. ಕಬಡ್ಡಿಯಲ್ಲಿ ನಾಲ್ಕು ಜನ ಸೇರಿ ರೈಡರನ್ನು ಹಿಡಿದರೆ ಪಾಯಿಂಟು ತಂಡಕ್ಕೆ ಹೋಗುತ್ತದೆ, ಇಲ್ಲಿ ಕೆಡವಿದವನ ನಂಬರು ಬರೆದಿಡುತ್ತಾರೆ. ಯಾರು ಎಷ್ಟು ಕೆಡವಿದ, ಎದುರಾಳಿಯ ಎಸೆತವನ್ನು ಯಾರು ಎಷ್ಟು ಸಲ ನಡುವೆಯೇ ಹಿಡಿದ, ಇವೆಲ್ಲ ರಕ್ಷಣೆಯ ದಾಖಲೆಗಳು. ಐವತ್ತು ತುಂಬಿದ ನೆನಪಿಗೆ ತಂಡ ಒಂದು ಪುಸ್ತಕ ತರಲಿತ್ತು. ಅದರಲ್ಲಿ ಹಾಕಲು ಹಳೆಯ ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಏರಿಸಿ, ದಾಖಲೆಗಳ ಪಟ್ಟಿ ಮಾಡಿಕೊಡುವ ಕೆಲಸ ನಮ್ಮ ಸಣ್ಣ ಕಂಪನಿಗೆ ಬಂತು. ಕಂಪನಿಯಿಂದ ನನ್ನ ತಲೆಗೆ ಬಂತು.

ಮೈದಾನದ ಹಿಂದೆ ತಗಡಿನ ಕ್ಲಬ್ ಕೋಣೆ, ಅದರೊಳಗೆ ಹನ್ನೊಂದು ರಟ್ಟಿನ ಪೆಟ್ಟಿಗೆ. ಮಾರ್ಚ್ ಕೊನೆಗೆ ಆ ಕೋಣೆಯನ್ನು ಕೆಡವುವುದೆಂದು ಗೊತ್ತಾಗಿತ್ತು. ತಂಡದ ಹೊಣೆ ಹೊತ್ತ ಮೇಷ್ಟರನ್ನು ಎಲ್ಲರೂ ಸೆನ್ಸೇ ಎನ್ನುತ್ತಿದ್ದರು. ಅವರೂ ಇದೇ ತಂಡದಲ್ಲಿ ಆಡಿದವರು, ಅಧ್ಯಕ್ಷರಿಗಿಂತ ಒಂದು ವರ್ಷ ಕಿರಿಯರು. ಇಬ್ಬರಿಗೂ ಅರವತ್ತರ ಅಂಚು. ಆದರೂ ಅಧ್ಯಕ್ಷರು ಕುಳಿತಿರುವಷ್ಟು ಹೊತ್ತೂ ಸೆನ್ಸೇ ನಿಂತೇ ಇದ್ದರು. ಅವರು ಕರಾರಿನ ಒಂದು ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ನೋಟ್‌ಬುಕ್ಕುಗಳಲ್ಲಿ ವಿದ್ಯಾರ್ಥಿಗಳ ಹೆಸರು, ಗಾಯ, ತೂಕ ಎಲ್ಲ ಇದ್ದುದರಿಂದ, ಪಟ್ಟಿ ಒಪ್ಪಿಸಿದ ಮೇಲೆ ಅವನ್ನು ಕಾಗದ ಕರಗಿಸುವ ಕಾರ್ಖಾನೆಗೆ ಕಳಿಸಬೇಕು, ನಮ್ಮಲ್ಲಿರುವ ಸ್ಕ್ಯಾನ್‌ಗಳನ್ನೂ ಅಳಿಸಬೇಕು.

"ಆಮೇಲೆ ನಿಮ್ಮ ಪಟ್ಟಿಯೊಂದೇ ಉಳಿಯೋದು. ಅದರಲ್ಲಿ ತಪ್ಪಿದ್ದರೆ ನೋಡಿ ತಿದ್ದೋಕೆ ಏನೂ ಇರಲ್ಲ" ಎಂದರು ಸೆನ್ಸೇ. ಆ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಪಂದ್ಯದ ಲೆಕ್ಕ ಬರೆಯುತ್ತಿದ್ದವರು ವಿದ್ಯಾರ್ಥಿನಿಯರು. ತಂಡಕ್ಕೆ ನೀರು, ಬ್ಯಾಂಡೇಜು, ಬರವಣಿಗೆ ಇವನ್ನೆಲ್ಲ ನೋಡಿಕೊಳ್ಳುವ ಹುಡುಗಿಯನ್ನು ಇಲ್ಲಿ ಮ್ಯಾನೇಜರ್ ಎನ್ನುತ್ತಾರೆ. ಆಕೆ ಗೆರೆಯ ಪಕ್ಕ ನಿಂತು, ಚೆಂಡು ಆಟಕ್ಕೆ ಬಿದ್ದಾಗಲೆಲ್ಲ ಒಂದೊಂದು ಸಾಲು ಬರೆಯುತ್ತಾಳೆ. ಚೆಂಡು ಎಲ್ಲಿತ್ತು, ಯಾರು ಓಡಿದ, ಎಷ್ಟು ದೂರ, ಕೆಡವಿದವನ ನಂಬರು ಯಾವುದು. ಬರೆದದ್ದೆಲ್ಲ ಕಪ್ಪು ಪೆನ್ಸಿಲಿನಲ್ಲಿ. ಹಲವು ವರ್ಷಗಳ ಪುಟಗಳಲ್ಲಿ ಅದರ ಮೇಲೆ ಕೆಂಪು ಬಾಲ್‌ಪೆನ್ನಿನ ತಿದ್ದುಪಡಿಗಳಿದ್ದವು. ಕೆಡವಿದವನ ನಂಬರಿಗೆ ಗೆರೆ ಎಳೆದು ಪಕ್ಕದಲ್ಲಿ ಬೇರೆ ನಂಬರು.

ಕೆಲಸ ಶುರು ಮಾಡುವ ಮೊದಲು ನಿಯಮಗಳನ್ನು ಬರೆದು ಸಹಿ ಹಾಕಿಸಿಕೊಳ್ಳುವುದು ನನ್ನ ಪದ್ಧತಿ. ಏಳನೆಯ ನಿಯಮ ಹೀಗಿತ್ತು: ತಿದ್ದುಪಡಿ ಇದ್ದಲ್ಲಿ ತಿದ್ದುಪಡಿಯೇ ಅಂತಿಮ. ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಬರೆದದ್ದು. ಕೊನೆಗೆ ಬರೆದದ್ದೇ ಸರಿ ಎನ್ನುವುದು ನಮ್ಮ ವೃತ್ತಿಯಲ್ಲಿ ಯಾರೂ ಎರಡನೆಯ ಸಲ ಯೋಚಿಸದ ಮಾತು. ಅಧ್ಯಕ್ಷರು ಆ ಹಾಳೆಯನ್ನು ಓದಿ, ಏಳನೆಯದರ ಹತ್ತಿರ ಸ್ವಲ್ಪ ನಿಂತು, ಇಲ್ಲಿ ಸಹಿಯ ಬದಲು ಬಳಸುವ ತಮ್ಮ ಹೆಸರಿನ ಮೊಹರು ಒತ್ತಿದರು.

ಮೂರು ತಿಂಗಳು ಅದೇ ಕೆಲಸ. ಬಣ್ಣದ ಸ್ಕ್ಯಾನು, ಪ್ರತಿ ಪುಟವನ್ನು ನಾನೊಮ್ಮೆ, ಆಫೀಸಿನ ಇನ್ನೊಬ್ಬಾಕೆ ಒಮ್ಮೆ ಬೇರೆ ಬೇರೆಯಾಗಿ ಟೈಪ್ ಮಾಡುವುದು, ಎರಡನ್ನೂ ಹೋಲಿಸಿ ವ್ಯತ್ಯಾಸ ಬಂದ ಸಾಲುಗಳನ್ನು ಮತ್ತೆ ನೋಡುವುದು. ನಂಬರುಗಳೇ ದೊಡ್ಡ ತಲೆನೋವು. ಹೋದ ವರ್ಷ ನಲವತ್ನಾಲ್ಕು ಹಾಕಿದ್ದವನು ಈ ವರ್ಷ ಐವತ್ತೊಂದು ಹಾಕುತ್ತಾನೆ. ಅಂಗಿ ಹರಿದರೆ ಅರ್ಧ ಪಂದ್ಯದಲ್ಲಿ ಬೆಂಚಿನವನ ಅಂಗಿ ತೊಟ್ಟು ಬರುತ್ತಾನೆ. ಪ್ರತಿ ವರ್ಷದ ಆಟಗಾರರ ಪಟ್ಟಿ ತರಿಸಿಕೊಂಡು ನಂಬರಿಗೆ ಹೆಸರು ಕಟ್ಟಿದೆ. ಕೊನೆಯ ಪರೀಕ್ಷೆಯಾಗಿ, ಪ್ರತಿ ಪಂದ್ಯದಲ್ಲಿ ಎದುರಾಳಿಗಳು ಬಿದ್ದ ಸಲಗಳು, ನಮ್ಮವರು ಕೆಡವಿದ ಸಲಗಳು ಎರಡೂ ತಾಳೆಯಾಗುತ್ತವೆಯೇ ಎಂದು ನೋಡಿದೆ. ಎಲ್ಲೂ ಒಂದೂ ತಪ್ಪಲಿಲ್ಲ. ಈ ನಡುವೆ ಅಧ್ಯಕ್ಷರು ಎರಡು ಸಲ ಆಫೀಸಿಗೆ ಬಂದು, ನನ್ನ ಬೆನ್ನ ಹಿಂದೆ ನಿಂತು, ಪರದೆಯನ್ನು ಸುಮ್ಮನೆ ನೋಡಿ ಹೋದರು. ನನಗೆ ಮೈ ಉರಿಯಿತು.

ಕರಡು ಪುಟಗಳು ತಯಾರಾದವು. ಒಂದು ಋತುವಿನಲ್ಲಿ, ಅಂದರೆ ಒಂದು ವರ್ಷದ ಪಂದ್ಯಗಳಲ್ಲಿ, ಅತಿ ಹೆಚ್ಚು ಟ್ಯಾಕಲ್ ಮಾಡಿದವರ ಪಟ್ಟಿಯಲ್ಲಿ ಮೊದಲ ಹೆಸರು ಅಧ್ಯಕ್ಷರದು, ಎರಡನೆಯದು ಸೆನ್ಸೇಯವರದು. ಆಯಾ ವರ್ಷ ಬರೆದ ಮ್ಯಾನೇಜರುಗಳಿಗೂ ಕರಡನ್ನು ಅಂಚೆಯಲ್ಲಿ ಕಳಿಸಿದೆವು. ಅದು ಬರಿಯ ಮರ್ಯಾದೆಗೆ.

ನಾಲ್ಕನೆಯ ದಿನ ಕ್ಯೋಟೋದಿಂದ ಫೋನು ಬಂತು. ಆ ಇಬ್ಬರೂ ಆಡಿದ ವರ್ಷಗಳಲ್ಲಿ ಲೆಕ್ಕದ ನೋಟ್‌ಬುಕ್ ಬರೆದ ಮ್ಯಾನೇಜರ್, ಈಗ ನಿವೃತ್ತ ಹೆಂಗಸು. "ಈ ಪಟ್ಟಿ ಮಾಡಿದವರು ಯಾರು? ಅವರನ್ನೇ ಕಳಿಸಿ. ನನ್ನ ನೋಟ್‌ಬುಕ್ ತಗೊಂಡು ಬರಲಿ" ಎಂದು ಹೇಳಿ ಇಟ್ಟುಬಿಟ್ಟರು.

ಬಸ್ಸಿಳಿದು ಓಣಿಯೊಳಗೆ ಹೋಗಿ ಅವರ ಮನೆ ಹುಡುಕಿದೆ. ಚಹಾ ತಂದಿಟ್ಟರು, ಕುಡಿಯಿರಿ ಎನ್ನಲಿಲ್ಲ. ನೋಟ್‌ಬುಕ್ ತೆರೆದು ಕೆಂಪು ಗೆರೆಯೊಂದರ ಮೇಲೆ ಉಗುರಿಟ್ಟರು.

"ಈ ಕೆಂಪು ಯಾರು ಬರೆದಿದ್ದು?"

"ನೀವೇ. ಬರಹ ಒಂದೇ ಇದೆ."

"ಕೈ ನನ್ನದು. ಪಂದ್ಯ ಮುಗಿದ ಮೇಲೆ ಆ ತಗಡಿನ ಕೋಣೆಯಲ್ಲಿ ಎಲ್ಲರೂ ಕೂರ್ತಿದ್ದರು. ಮೂರನೇ ವರ್ಷದವರು ಮುಂದೆ, ಮೊದಲನೇ ವರ್ಷದವರು ಬಾಗಿಲ ಹತ್ತಿರ. ನಾನು ನಿಂತುಕೊಂಡು ಒಂದೊಂದೇ ಸಾಲು ಓದಬೇಕು. ಮುಂದಿನ ಸಾಲಿನಿಂದ 'ಅದು ನಾನು ಹಿಡಿದಿದ್ದು' ಅಂತ ಬರೋದು. ಯಾರದ್ದನ್ನ ಕಿತ್ತುಕೊಂಡರೋ ಆ ಕಿರಿಯ ಹುಡುಗ ಹಿಂದಿನಿಂದ 'ಹೌದು' ಅನ್ನೋನು. ನಾನು ಕೆಂಪಲ್ಲಿ ತಿದ್ದಬೇಕು. ಇಲ್ಲ ಅಂತ ಹೇಳಿದವರನ್ನ ನಾನು ಎರಡು ವರ್ಷದಲ್ಲಿ ನೋಡಲಿಲ್ಲ."

"ಮತ್ತೆ ಕಪ್ಪು?"

"ಕಪ್ಪು ನಾನು ಕಣ್ಣಾರೆ ನೋಡಿ ಬರೆದಿದ್ದು. ರಬ್ಬರ್ ಹಾಕಿ ಅಳಿಸು ಅಂದರು. ಅಳಿಸಲಿಲ್ಲ. ಒಂದೇ ಗೆರೆ ಎಳೆದೆ, ಕೆಳಗಿಂದು ಕಾಣೋ ಹಾಗೆ. ಯಾವತ್ತಾದರೂ ಯಾರಾದರೂ ನೋಡ್ತಾರೆ ಅಂದುಕೊಂಡೆ. ನೀವು ನೋಡಿದಿರಿ. ನೋಡಿ ಕೆಂಪನ್ನೇ ತಗೊಂಡಿರಿ."

ಅದು ನಿಯಮ ಎಂದೆ. ಯಾರು ಮಾಡಿದ ನಿಯಮ ಎಂದರು. ನನಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗಲೂ ನನಗೆ ಸಿಟ್ಟೇ ಬರುವುದು. ಚಹಾ ಮುಟ್ಟದೆ ಎದ್ದು ಬಂದೆ.

ಮಾರನೆಯ ದಿನ ಸ್ಕ್ಯಾನ್‌ಗಳಿಗೆ ಮರಳಿದೆ. ಬೇರೆ ವರ್ಷಗಳ ಕೆಂಪಿನ ಕೆಳಗೆ ಪೆನ್ಸಿಲನ್ನು ಉಜ್ಜಿ ಅಳಿಸಿದ್ದರು, ಬರಿಯ ಕಾಗದದ ನೂಲು ಎದ್ದಿತ್ತು. ಕಪ್ಪು ಓದಲು ಸಿಗುವುದು ಈ ಹೆಂಗಸು ಬರೆದ ಎರಡು ಋತುಗಳಲ್ಲಿ ಮಾತ್ರ. ಮೊದಲು ಅಧ್ಯಕ್ಷರ ಕೊನೆಯ ಋತುವನ್ನು ತೆಗೆದುಕೊಂಡು, ಕಪ್ಪಿಗೊಂದು ಕೆಂಪಿಗೊಂದು ಕಾಲಂ ಮಾಡಿ, ಪ್ರತಿ ನಂಬರಿಗೆ ಆ ಆಟಗಾರನ ತರಗತಿಯನ್ನು ಸೇರಿಸಿದೆ. ಹಿರಿಯನಿಂದ ಕಿರಿಯನಿಗೆ ಹೋದ ತಿದ್ದುಪಡಿ ಒಂದೂ ಇರಲಿಲ್ಲ. ಎಲ್ಲವೂ ಕಿರಿಯನಿಂದ ಹಿರಿಯನಿಗೆ. ನನ್ನ ಒಟ್ಟು ಮೊತ್ತದ ಪರೀಕ್ಷೆಯಲ್ಲಿ ಇದು ಸಿಗುವಂತೆಯೇ ಇರಲಿಲ್ಲ, ಏಕೆಂದರೆ ಒಬ್ಬನದು ಇನ್ನೊಬ್ಬನಿಗೆ ಹೋದರೆ ಮೊತ್ತ ಬದಲಾಗುವುದಿಲ್ಲ. ಎಸೆತ ಹಿಡಿದ ಸಾಲುಗಳಲ್ಲಿ ಕೆಂಪು ಇರಲೇ ಇಲ್ಲ. ಚೆಂಡು ಯಾರ ಕೈಗೆ ಬಿತ್ತು ಎಂದು ಇಡೀ ಮೈದಾನ ನೋಡಿರುತ್ತದೆ. ಟ್ಯಾಕಲ್ ಆಗುವುದು ಜನರ ರಾಶಿಯ ಅಡಿಯಲ್ಲಿ.

ಕೆಂಪಿನ ಪ್ರಕಾರ ಆ ವರ್ಷ ಮೊದಲಿಗ ಅಧ್ಯಕ್ಷರು, ಅಂಗಿಯ ನಂಬರು ಐವತ್ತೈದು. ಕಪ್ಪಿನ ಪ್ರಕಾರ ಮೊದಲಿಗ ಐವತ್ತೊಂದು. ಅದು ಆಗ ಎರಡನೆಯ ವರ್ಷದಲ್ಲಿದ್ದ ಸೆನ್ಸೇ.

ಬರಿಯ ಒಬ್ಬ ಹೆಂಗಸಿನ ಮಾತು ಎಂದು ಯಾರೂ ಹೇಳದಿರಲಿ ಎಂದು ಇನ್ನೊಂದು ಸಾಕ್ಷಿ ಹುಡುಕಿದೆ. ಪೆಟ್ಟಿಗೆಯ ತಳದಲ್ಲಿ ಆ ಋತುವಿನ ಒಂದು ಪಂದ್ಯದ ವಿಡಿಯೋ ಕ್ಯಾಸೆಟ್ ಇತ್ತು. ಬೂಷ್ಟು ಹಿಡಿದಿತ್ತು. ಅಂಗಡಿಯೊಂದರಲ್ಲಿ ಒರೆಸಿ ಕಂಪ್ಯೂಟರಿಗೆ ಹಾಕಿಕೊಟ್ಟರು. ಆ ಪಂದ್ಯದಲ್ಲಿ ಕೆಂಪು ತಿದ್ದಿದ ಸಾಲುಗಳು ಒಂಬತ್ತು. ಎರಡರಲ್ಲಿ ಧೂಳಿನಿಂದಾಗಿ ಏನೂ ಕಾಣುವುದಿಲ್ಲ. ಉಳಿದ ಏಳರಲ್ಲಿಯೂ ಪೆನ್ಸಿಲೇ ಸರಿ. ಒಂದು ಟ್ಯಾಕಲ್ ಆಗುವಾಗ, ಅದನ್ನು ತನ್ನದೆಂದು ಬರೆಸಿಕೊಂಡ ಐವತ್ತೈದು ಹತ್ತು ಹೆಜ್ಜೆ ಆಚೆ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ನಾನು ಅದನ್ನು ಆರು ಸಲ ನೋಡಿದೆ. ಸಂತೋಷವಾಯಿತು ಎಂದು ಒಪ್ಪಿಕೊಳ್ಳಬೇಕು.

ನಮ್ಮ ಬಾಸ್ ಬೆಂಗಳೂರಿನವರು, ಜಪಾನಿಗೆ ಬಂದು ಹದಿನೈದು ವರ್ಷ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ.

"ನೋಡ್ರೀ, ಸ್ಪೆಸಿಫಿಕೇಶನ್‌ನಲ್ಲಿ ಏನಿದೆ? ಕೆಂಪು ಫೈನಲ್ ಅಂತಿದೆ. ನೀವೇ ಬರ್ದಿರೋದು. ಕ್ಲೈಂಟ್ ಸೀಲ್ ಹಾಕಿದಾರೆ. ಇನ್ನೇನ್ರೀ ನಿಮ್ದು ಪ್ರಾಬ್ಲಂ?"

"ನಿಯಮಾನೇ ತಪ್ಪಿದೆ ಸರ್. ಈಗ ಹಿಂಗೇ ಕೊಟ್ರೆ ನೋಟ್‌ಬುಕ್ ಕರಗಿಸಿಬಿಡ್ತಾರೆ. ಆಮೇಲೆ ಕಪ್ಪು ಅನ್ನೋದು ಇತ್ತು ಅಂತಾನೂ ಯಾರಿಗೂ ಗೊತ್ತಾಗಲ್ಲ."

"ನಲವತ್ತು ವರ್ಷದ ಹಿಂದೆ ಯಾವನು ಯಾವನ್ನ ಕೆಡವಿದ್ನೋ. ನಿಮಗ್ಯಾಕ್ರೀ ಅದು?"

ಆ ಪ್ರಶ್ನೆ ನಾನೂ ಕೇಳಿಕೊಂಡಿದ್ದೆ. ಅಧ್ಯಕ್ಷರ ಮೇಲಿನ ಸಿಟ್ಟು ಅರ್ಧ ಕಾರಣ, ಸುಳ್ಳೇಕೆ. ಇನ್ನರ್ಧ, ಆ ನಿಯಮ ನನ್ನದು. ಒಬ್ಬ ಹುಡುಗಿ ಅಷ್ಟು ಜನರ ಮುಂದೆ ನಿಂತು ಉಳಿಸಿಟ್ಟದ್ದನ್ನು ನಾನು ಒಂದು ಸಾಲು ಬರೆದು ಅಳಿಸಿದ್ದೆ. ಮೊದಲು ಸೆನ್ಸೇಯವರಿಗೆ ಹೇಳುತ್ತೇನೆ ಎಂದೆ. ಮೊದಲ ಸ್ಥಾನ ಅವರದು, ಅವರು ಕೇಳಿದರೆ ನಿಯಮ ಬದಲಾಗುತ್ತದೆ ಎಂಬುದು ನನ್ನ ಲೆಕ್ಕ.

ಸೆನ್ಸೇ ಎರಡು ಕಾಲಮ್ಮಿನ ಹಾಳೆಯನ್ನು ಶಾಲೆಯ ಮೊಗಸಾಲೆಯಲ್ಲಿ ನಿಂತು ಓದಿದರು. ಅವರ ಕಿವಿ ಕೆಂಪಗಾಯಿತು.

"ಇದನ್ನ ಹುಡುಕಿ ಅಂತ ನಿಮಗೆ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಮೊದಲ ಸ್ಥಾನ ನಿಮ್ಮದು, ಸೆನ್ಸೇ."

"ಸೆಂಪಾಯ್ ಹಿಡಿದರು ಅಂತ ಆವತ್ತು ಎಲ್ಲರ ಮುಂದೆ ನಾನೇ ಒಪ್ಪಿದೆ. ಅದು ಮುಗಿದ ಮಾತು." ಸೆಂಪಾಯ್ ಎಂದರೆ ತನಗಿಂತ ಮೇಲಿನ ತರಗತಿಯವನು.

"ಒಪ್ಪಿದಿರಾ, ಒಪ್ಪಿಸಿದರಾ?"

"ನೀವು ಹೊರಗಿನವರು. ಕೊಟ್ಟ ಕೆಲಸ ಮಾಡಿ ಹೋಗಿ. ಈ ಎರಡು ವರ್ಷಗಳ ಪುಟ ಇನ್ನು ತೆಗೀಬೇಡಿ." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ತರಗತಿಗೆ ಹೋಗಿಬಿಟ್ಟರು.

ಯಾರ ಪರವಾಗಿ ಹೋಗಿದ್ದೆನೋ ಅವರಿಂದಲೇ ಬೈಸಿಕೊಂಡು ಬಂದದ್ದಾಯಿತು. ರೈಲಿನಲ್ಲಿ ಕುಳಿತ ಮೇಲೆ ಒಂದು ಮಾತು ಹೊಳೆಯಿತು. ನಾನು ತೋರಿಸಿದ್ದು ಒಂದು ವರ್ಷದ ಹಾಳೆ. ಅವರು ಎರಡು ವರ್ಷ ಎಂದಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆಫೀಸಿಗೆ ಹೋದವಳೇ ಮುಂದಿನ ಋತುವಿಗೂ ಕಪ್ಪು ಕೆಂಪು ಕಾಲಂ ಮಾಡಿದೆ. ಆ ವರ್ಷ ಸೆನ್ಸೇ ಮೂರನೆಯ ವರ್ಷದವರು, ಕೋಣೆಯಲ್ಲಿ ಮುಂದಿನ ಸಾಲಿಗೆ ಬಂದಿದ್ದರು. ಕೆಂಪು ಈಗ ಅವರ ಕಡೆ ಹರಿದಿತ್ತು. ಬಹುಪಾಲು ಒಬ್ಬನಿಂದಲೇ, ಮೊದಲ ವರ್ಷದ ಹುಡುಗ, ನಂಬರು ಅರವತ್ನಾಲ್ಕು. ದಾಖಲೆ ಪಟ್ಟಿಯಲ್ಲಿ ಸೆನ್ಸೇಯವರ ಎರಡನೆಯ ಸ್ಥಾನ ಬಂದಿದ್ದು ಈ ಋತುವಿನಿಂದ. ಕಪ್ಪಿನಂತೆ ನೋಡಿದರೆ ಆ ಋತುವಿನ ಮೊದಲಿಗ ಅರವತ್ನಾಲ್ಕೇ.

ಕ್ಯೋಟೋದ ಹೆಂಗಸು ಈ ವರ್ಷದ ಮಾತೆತ್ತಿರಲಿಲ್ಲ. ಸೆನ್ಸೇ ಅವರ ಸಹಪಾಠಿ.

ಅಷ್ಟರಲ್ಲಿ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತ್ತು. ನಮ್ಮನ್ನು ಶಾಲೆಗೆ ಕರೆಸಿದರು. ಮೇಜಿನ ಆ ಕಡೆ ಅಧ್ಯಕ್ಷರು, ಸೆನ್ಸೇ. ಈ ಕಡೆ ಬಾಸ್, ನಾನು. ನಾನು ಎರಡೂ ಋತುಗಳ ಹಾಳೆಗಳನ್ನು ಇಟ್ಟು, ಪುಸ್ತಕದಲ್ಲಿ ಎರಡೂ ಕಾಲಂ ಹಾಕಿ, ಯಾವುದು ಪಂದ್ಯದ ವೇಳೆ ಬರೆದದ್ದು, ಯಾವುದು ಆಮೇಲೆ ತಿದ್ದಿದ್ದು ಎಂದು ಕೆಳಗೆ ಒಂದು ಸಾಲು ಕೊಡೋಣ ಎಂದೆ.

"ಗ್ಯೋಶಾ-ಸಾನ್ ನನ್ನನ್ನ ಕಳ್ಳ ಅಂತ ಅಚ್ಚು ಹಾಕಿಸಬೇಕು ಅಂತಾರೆ" ಎಂದರು ಅಧ್ಯಕ್ಷರು, ಬಾಸ್ ಕಡೆ ನೋಡುತ್ತ.

"ಕಳ್ಳ ಅಂತ ನಾನು ಎಲ್ಲೂ ಬರೆದಿಲ್ಲ. ನೋಟ್‌ಬುಕ್ಕಿನಲ್ಲಿ ಇರೋದನ್ನ ಬರೆದಿದೀನಿ. ಬೇಕಾದರೆ ವಿಡಿಯೋ ಇದೆ. ಟ್ಯಾಕಲ್ ಆಗುವಾಗ ನೀವು ಬೂಟಿನ ದಾರ ಕಟ್ಟಿಕೊಳ್ತಾ ಇದೀರಿ."

ಬಾಸ್ ಮೇಜಿನ ಕೆಳಗೆ ನನ್ನ ಕಾಲು ಒದ್ದರು. ಅಧ್ಯಕ್ಷರು ಮೊದಲ ಸಲ ನನ್ನನ್ನೇ ನೋಡಿ ಹೇಳಿದರು.

"ನಾನು ಮೊದಲನೇ ವರ್ಷ ಇದ್ದಾಗ ನನ್ನ ಟ್ಯಾಕಲ್ ಎಲ್ಲ ಮೇಲಿನವರು ತಗೊಂಡರು. ಆ ವರ್ಷದ ನೋಟ್‌ಬುಕ್‌ನಲ್ಲಿ ಪೆನ್ಸಿಲ್ ಉಜ್ಜಿ ಅಳಿಸಿದಾರೆ. ನೀವೇ ನೋಡಿರ್ತೀರಿ. ಅದನ್ನ ನನಗೆ ಯಾರು ವಾಪಸ್ ಕೊಡ್ತಾರೆ? ನನ್ನ ಸರದಿ ಬಂದಾಗ ನಾನು ತಗೊಂಡೆ. ಇವನ ಸರದಿ ಬಂದಾಗ ಇವನು ತಗೊಂಡ. ಲೆಕ್ಕ ಸರಿಹೋಯಿತು."

ಉಜ್ಜಿದ ಆ ಪುಟಗಳನ್ನು ನಾನೇ ಸ್ಕ್ಯಾನ್ ಮಾಡಿದ್ದೆ. ಒಂದು ಕ್ಷಣ ಆ ಮನುಷ್ಯನ ಮೇಲೆ ಕನಿಕರವೂ ಬಂತು. ಆದರೆ ಅರವತ್ನಾಲ್ಕರ ಲೆಕ್ಕ ಎಲ್ಲಿ ಸರಿಹೋಯಿತು ಎಂದು ಕೇಳಿದೆ. ಸೆನ್ಸೇ ಕಿಟಕಿಯ ಕಡೆ ನೋಡುತ್ತಿದ್ದರು.

ಅಧ್ಯಕ್ಷರು ತೀರ್ಪು ಕೊಟ್ಟರು. ಕೆಂಪೇ ಅಂತಿಮ, ನಿಯಮದ ಪ್ರಕಾರ. ಶುಕ್ರವಾರದೊಳಗೆ ಪಟ್ಟಿ ಒಪ್ಪಿಸಬೇಕು, ಅವತ್ತೇ ನೋಟ್‌ಬುಕ್ಕುಗಳನ್ನು ಒಯ್ಯಲು ಲಾರಿ ಬರುತ್ತದೆ. ಇದರ ಜೊತೆಗೆ, ಹೇಳದ ಕೆಲಸಕ್ಕೆ ಕೈ ಹಾಕಿ ಗೊಂದಲ ಎಬ್ಬಿಸಿದ್ದಕ್ಕೆ ನಾನು ಶಿಮಾತ್ಸುಶೋ ಬರೆದುಕೊಡಬೇಕು. ಅದು ತಪ್ಪೊಪ್ಪಿಗೆಯ ಪತ್ರ. ಇಲ್ಲಿ ಕೆಲಸದಲ್ಲಿ ಎಡವಟ್ಟಾದರೆ, ಏನು ನಡೆಯಿತು, ಯಾಕೆ ನಡೆಯಿತು, ಇನ್ನು ಹೇಗೆ ತಡೆಯುತ್ತೀರಿ ಎಂದು ವಿವರವಾಗಿ ಬರೆದು ಮೊಹರು ಒತ್ತಿ ಕೊಡಬೇಕು. ಬಾಸ್ ಎದ್ದು ನಿಂತು, ಹಣೆ ಮೇಜಿಗೆ ತಾಗುವಷ್ಟು ಬಾಗಿ ಒಪ್ಪಿಕೊಂಡರು. ನಾನು ಬಾಗಲಿಲ್ಲ.

ಆಫೀಸಿಗೆ ಬಂದು ಕ್ಯೋಟೋಗೆ ಫೋನು ಮಾಡಿದೆ. ಪುಸ್ತಕದಲ್ಲಿ ಕೆಂಪೇ ಬರುತ್ತದೆ, ಶುಕ್ರವಾರ ನೋಟ್‌ಬುಕ್ ಹೋಗುತ್ತದೆ, ಕ್ಷಮಿಸಿ ಎಂದೆ.

"ಹಾಗಾದರೆ ನೀವೂ ಅವರು ಹೇಳಿದ್ದನ್ನೇ ಬರೆದಿರಿ" ಎಂದರು ಆಕೆ. "ನನಗೆ ಆಗ ಹದಿನೇಳು ವರ್ಷ. ನಿಮಗೆಷ್ಟು?"

ನನಗೆ ನಲವತ್ತಮೂರು. ಹೇಳುವ ಮೊದಲೇ ಅವರು ಫೋನು ಇಟ್ಟಿದ್ದರು.

ನಾನು ಬಾಸ್ ಹತ್ತಿರ ಹೋಗಿ ಪತ್ರ ಬರೆಯುವುದಿಲ್ಲ ಎಂದೆ. ಬೇಕಾದರೆ ಕೆಲಸದಿಂದ ತೆಗೆಯಿರಿ.

"ತೆಗೀಬಹುದು. ಆಮೇಲೆ ನಿಮ್ಮ ವೀಸಾ ಕಥೆ ನೀವೇ ನೋಡ್ಕೋಬೇಕು" ಎಂದರು. ಆಮೇಲೆ ದನಿ ಇಳಿಸಿದರು. "ಬರ್ದುಬಿಡ್ರೀ. ನಾನು ಬರ್ದಿಲ್ವಾ? ಎಂಟು ವರ್ಷದ ಹಿಂದೆ ಒಂದು ಸರ್ವರ್ ಬೀಳ್ಸಿದ್ದೆ. ಏನೇನು ಆಯ್ತು, ಎಷ್ಟು ಗಂಟೆಗೆ ಆಯ್ತು, ಒಂದೂ ಬಿಡದ ಹಾಗೆ ಕ್ಲೈಂಟ್ ಬರೆಸಿಕೊಂಡ್ರು. ಕಮ್ಮಿ ಬರೆದ್ರೆ ವಾಪಸ್ ಕಳಿಸ್ತಾರೆ. ಆ ಲೆಟರ್ ಇವತ್ತಿಗೂ ಅವರ ಫೈಲ್‌ನಲ್ಲಿದೆ ಕಣ್ರೀ. ಪ್ರತಿ ರಿನ್ಯೂವಲ್‌ಗೂ ತೆಗೆದು ಓದ್ತಾರೆ. ಆಫೀಸ್ ಸುಟ್ಟೋದ್ರೂ ಅದು ಮಾತ್ರ ಸುಡಲ್ಲ."

ನಾನು ನನ್ನ ಮೇಜಿಗೆ ಬಂದು ಕೂತೆ. ಶಾಲೆಯ ಕಚೇರಿಗೆ ಫೋನು ಮಾಡಿ, ಗುತ್ತಿಗೆಯವರ ಶಿಮಾತ್ಸುಶೋ ಎಲ್ಲಿಡುತ್ತೀರಿ ಎಂದು ಕೇಳಿದೆ. ಕರಾರಿನ ಕಡತದಲ್ಲಿ, ಅದನ್ನು ವಿಲೇವಾರಿ ಮಾಡುವಂತಿಲ್ಲ ಎಂದಳು ಗುಮಾಸ್ತೆ. ಪತ್ರ ಬರೆಯುತ್ತೇನೆ ಎಂದು ಬಾಸ್‌ಗೆ ತಿಳಿಸಿದೆ.

ಎರಡು ದಿನ ಬರೆದೆ. ನನ್ನ ತಪ್ಪನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡೆ: ಕೊನೆಗೆ ಬರೆದದ್ದೇ ನಿಜವೆಂದು ವಿಚಾರಿಸದೆ ನಿಯಮ ಮಾಡಿದೆ. ಅದು ಸುಳ್ಳಲ್ಲ. ಆಮೇಲೆ ಏನೇನು ನಡೆಯಿತು ಎಂಬ ಭಾಗ. ಮ್ಯಾನೇಜರ್ ಪೆನ್ಸಿಲಿನಲ್ಲಿ ಹೇಗೆ ಬರೆದರು, ಪಂದ್ಯದ ನಂತರ ಹೇಗೆ ಓದಿಸಿದರು, ಕೆಂಪು ಹೇಗೆ ಬಂತು, ನಾನು ಯಾವ ದಿನ ಏನು ಹೋಲಿಸಿದೆ. ಯಾವ ಸಾಲುಗಳ ಬಗ್ಗೆ ಗೊಂದಲ ಎಬ್ಬಿಸಿದೆ ಎಂದು ಹೇಳದಿದ್ದರೆ ಪತ್ರ ಅಪೂರ್ಣವಾಗುತ್ತದಲ್ಲ. ಅದಕ್ಕಾಗಿ ಅನುಬಂಧ ಹಚ್ಚಿದೆ. ಎರಡು ಋತು, ಪ್ರತಿ ಪಂದ್ಯ, ತಿದ್ದಿದ ಪ್ರತಿ ಸಾಲು, ಕಪ್ಪು ನಂಬರು, ಕೆಂಪು ನಂಬರು. ಪತ್ರದಲ್ಲಿ ಆಟಗಾರರ ಹೆಸರು ಹಾಕಲು ಕರಾರು ಬಿಡುತ್ತಿರಲಿಲ್ಲ, ಆದ್ದರಿಂದ ಬರಿಯ ನಂಬರು. ಪತ್ರ ಒಂದೂವರೆ ಪುಟ, ಅನುಬಂಧ ಹದಿಮೂರು.

ಬಾಸ್ ಪತ್ರ ಓದಿ, ಅದರಡಿಯ ದಪ್ಪ ಕಟ್ಟನ್ನು ಹೆಬ್ಬೆರಳಿನಿಂದ ಸವರಿ ನನ್ನ ಮುಖ ನೋಡಿದರು. "ಅನುಬಂಧ ನಾನು ನೋಡಿಲ್ಲ. ಆಯ್ತಾ?" ಎಂದು ಪತ್ರದ ಕೊನೆಗೆ ಕಂಪನಿಯ ಮೊಹರು ಒತ್ತಿದರು.

ಶುಕ್ರವಾರ ಬೆಳಿಗ್ಗೆ ಕೆಂಪಿನ ಪಟ್ಟಿಯನ್ನು ಶಾಲೆಗೆ ಒಪ್ಪಿಸಿದೆ. ಲಾರಿ ಆಗಲೇ ಬಂದಿತ್ತು, ಪೆಟ್ಟಿಗೆಗಳನ್ನು ಏರಿಸುತ್ತಿದ್ದರು. ಪತ್ರ ಸ್ವೀಕರಿಸಬೇಕಾದವರು ಸೆನ್ಸೇ. ಶಿಕ್ಷಕರ ಕೊಠಡಿಯಲ್ಲಿ ಅವರ ಮೇಜಿನ ಮುಂದೆ ನಿಂತೆ. ಕೂರಲು ಹೇಳಲಿಲ್ಲ. ಅವರು ಪತ್ರ ಓದಿದರು. ಅನುಬಂಧ ತಿರುವಿದರು. ತಮ್ಮಿಂದ ಹೋದ ಸಾಲುಗಳನ್ನು ಬೇಗ ಬೇಗ ದಾಟಿದರು. ಎರಡನೆಯ ಋತುವಿನ ಮೊದಲ ಪುಟದಲ್ಲಿ ಅವರ ಕೈ ನಿಂತಿತು.

"ಇದನ್ನ ತೆಗೆದು ಬರೀ ಪತ್ರ ಕೊಡಿ. ಸಾಕು" ಎಂದರು.

"ವಿವರ ಇಲ್ಲದಿದ್ದರೆ ಕಚೇರಿಯವರು ವಾಪಸ್ ಕಳಿಸ್ತಾರೆ. ಬೇಡ ಅಂದರೆ ನೀವೇ ಕಿತ್ತು ಹಾಕಿ. ನಾನು ಕೀಳಲ್ಲ."

ಸೆನ್ಸೇ ನನ್ನನ್ನು ನೋಡಿದ ನೋಟದಲ್ಲಿ ದ್ವೇಷವೇ ಇತ್ತು. ಹೊರಗೆ ಲಾರಿಯ ಹಿಂಬಾಗಿಲು ಹಾಕಿದ ಸದ್ದು ಕೇಳಿತು. ಅವರು ಮತ್ತೆ ಪುಟಕ್ಕೆ ಬಗ್ಗಿ, ಒಂದೊಂದೇ ಸಾಲು ಓದತೊಡಗಿದರು. ಆ ಋತುವಿನ ಕೊನೆಯ ಪಂದ್ಯದವರೆಗೂ ಓದಿದರು. ನನ್ನ ಕಾಲು ನೋಯತೊಡಗಿತ್ತು.

ಆಮೇಲೆ ಪೆನ್ನು ತೆಗೆದು ಕಪ್ಪು ಕಾಲಮ್ಮಿನ ಮೊದಲ ಅರವತ್ನಾಲ್ಕರ ಪಕ್ಕದಲ್ಲಿ ಒಂದು ಹೆಸರು ಬರೆದರು. ಮನೆತನದ ಹೆಸರು, ಹುಡುಗನ ಹೆಸರು, ಎರಡೂ. ಆ ವರ್ಷದ ಆಟಗಾರರ ಪಟ್ಟಿ ಅವರ ಹಿಂದಿನ ಬೀರುವಿನಲ್ಲೇ ಇತ್ತು. ಅದನ್ನು ತೆಗೆದು ನೋಡಲಿಲ್ಲ.

"ಇವರು ಈಗ ಎಲ್ಲಿದ್ದಾರೆ?" ಎಂದು ಕೇಳಿದೆ.

"ಗೊತ್ತಿಲ್ಲ. ಆ ಚಳಿಗಾಲದಲ್ಲಿ ತಂಡ ಬಿಟ್ಟ. ಯಾಕೆ ಅಂತ ನಾನು ಕೇಳಲಿಲ್ಲ."

ಪತ್ರದ ಮೇಲೆ ಸ್ವೀಕೃತಿಯ ಮೊಹರು ಒತ್ತಿದರು. ಹಾಳೆಗಳು ಹೆಚ್ಚಿದ್ದರೆ, ಆಮೇಲೆ ಯಾರೂ ಒಂದನ್ನು ಕಳಚಬಾರದೆಂದು, ಎರಡು ಹಾಳೆ ಕೂಡುವ ಅಂಚಿನ ಮೇಲೆ ಅರ್ಧ ಅತ್ತ ಅರ್ಧ ಇತ್ತ ಬರುವಂತೆ ಮೊಹರು ಒತ್ತುವ ಪದ್ಧತಿ ಇಲ್ಲಿದೆ. ಅದನ್ನು ಪತ್ರ ಕೊಡುವವರು ಮಾಡಬೇಕು, ನಮ್ಮ ಬಾಸ್ ಮಾಡಿರಲಿಲ್ಲ. ಸೆನ್ಸೇ ಶಾಯಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಪತ್ರಕ್ಕೂ ಅನುಬಂಧಕ್ಕೂ ನಡುವೆ ತಮ್ಮ ಮೊಹರು ಒತ್ತಿದರು. ಒಂದು ಹಾಳೆ ತಿರುವಿ ಮತ್ತೆ ಒತ್ತಿದರು. ಹದಿಮೂರು ಹಾಳೆಗೂ ಒತ್ತಿ, ಕಟ್ಟನ್ನು ಕಡತದೊಳಗಿಟ್ಟು, ನನ್ನ ಕಡೆ ನೋಡದೆ, "ಹೊರಡಿ. ಇನ್ನು ಈ ಶಾಲೆಗೆ ಬರಬೇಡಿ" ಎಂದರು.